ಹಸಿರಾಗದ ಚುಕ್ಕೆ

ಗೇಟಿನ ಹೊರಗೆ ನಿಂತಿದ್ದಾಗ ಹೇಳಿಬಿಡಬಹುದಾಗಿತ್ತು. ಆಗ ಪಕ್ಕದಲ್ಲಿದ್ದವನು ಪ್ರೊಫೆಸರ್ ಲೆಸ್ಲಿ ಒಬ್ಬನೇ. ಅವನು ಟೈ ಸರಿಮಾಡಿಕೊಳ್ಳುತ್ತ, ಬಾಯಿಪಾಠ ಮಾಡಿದ್ದ ಮಾವೊರಿ ವಾಕ್ಯಗಳನ್ನು ತುಟಿಯಲ್ಲೇ ಅರೆಯುತ್ತ ನಿಂತಿದ್ದ. ಲೆಸ್ಲಿ, ನಮ್ಮ ಪರೀಕ್ಷೆಯ ಪಟ್ಟಿ ಜೇನಿನ ವಿಷವನ್ನು ಗುರುತಿಸುತ್ತಿಲ್ಲ. ಇಷ್ಟೇ ಹೇಳಬೇಕಾದದ್ದು. ಒಂದು ಉಸಿರಿನ ಮಾತು. ಆದರೆ ಫಿಲಿಪಾಳ ಗಮನವೆಲ್ಲ ಸೊಂಟದ ಮೇಲಿತ್ತು. ಮಾವೊರಿಗಳ ಸಭಾಸ್ಥಳವಾದ ಮರಾಯೆಯ ಅಂಗಳಕ್ಕೆ ಪ್ಯಾಂಟು ಹಾಕಿಕೊಂಡು ಹೋಗಬಾರದೆಂದು ಪಕ್ಕದ ಮನೆಯವಳಿಂದ ಕಪ್ಪು ಲಂಗ ಕೇಳಿ ತಂದಿದ್ದಳು. ಆಕೆ ದಪ್ಪ, ಇವಳು ಕಡ್ಡಿ. ಮಡಿಕೆ ಹಾಕಿ ಚುಚ್ಚಿದ್ದ ಪಿನ್ನು ದಾರಿಯಲ್ಲೆಲ್ಲೋ ಬಾಯಿ ಬಿಟ್ಟುಕೊಂಡು, ಉಸಿರೆಳೆದಾಗಲೆಲ್ಲ ಪಕ್ಕೆಗೆ ತಿವಿಯುತ್ತಿತ್ತು. ಲಂಗ ಜಾರಿದರೆ ಏನು ಗತಿ ಎಂಬ ಯೋಚನೆ, ಯಾರಾದರೂ ಸತ್ತರೆ ಏನು ಗತಿ ಎಂಬ ಯೋಚನೆಗಿಂತ ಒಂದು ಕೂದಲೆಳೆಯಷ್ಟು ಮುಂದೆಯೇ ಇತ್ತಲ್ಲ ಎಂದು ಅವಳಿಗೆ ಹೊಳೆದು, ನಾಚಿಕೆಯಾಗಿ, ಸರಿ ಹೇಳೇಬಿಡೋಣ ಎಂದು ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ಹೆಂಗಸೊಬ್ಬಳ ಸ್ವಾಗತದ ಕರೆ ಎದ್ದಿತು. ಎಳೆದೆಳೆದು ಬರುವ, ಎದೆಯ ಗೂಡಿಗೇ ಕೈ ಹಾಕುವ ಕರೆ. ಅದು ಶುರುವಾದ ಮೇಲೆ ಬಂದವರು ಮಾತಾಡುವ ಹಾಗಿಲ್ಲ. ತಲೆ ತಗ್ಗಿಸಿ ನಿಧಾನವಾಗಿ ನಡೆಯಬೇಕು, ಅಷ್ಟೆ.

ನಡೆದಳು. ಹುಲ್ಲಿನ ಮೇಲೆ ಇನ್ನೂ ಇಬ್ಬನಿಯಿತ್ತು. ಬೆಳಿಗ್ಗೆ ಮೋಟೆಲಿನ ಟೋಸ್ಟಿಗೆ ಬೆಣ್ಣೆ ಸವರುತ್ತಿದ್ದಾಗ ಪ್ರಯೋಗಾಲಯದಿಂದ ವಿಲಿಯಾಮಿಯ ಫೋನು ಬಂದಿತ್ತು. ಟೊಂಗಾದ ಹುಡುಗ, ಅವಳ ಕೈಕೆಳಗೆ ಸಂಶೋಧನೆ ಮಾಡುವವನು, ಚರ್ಚಿನಲ್ಲಿ ಹಾಡುವ ಗಂಟಲು.

"ಡಾಕ್ಟರೇ, ತಿಂಡಿ ಆಯ್ತಾ?"

"ಆಗ್ತಾ ಇದೆ. ಯಾಕೆ ದನಿ ಹೀಗಿದೆ?"

"ತಿಂದು ಮುಗಿಸಿ. ಆಮೇಲೆ ಹೇಳ್ತೀನಿ."

"ವಿಲಿಯಾಮಿ."

"ಕ್ಲೋವರ್ ಜೇನಿಗೆ ನಾನೇ ಕೈಯಾರೆ ಟ್ಯೂಟಿನ್ ವಿಷ ಬೆರೆಸ್ದೆ. ಧಾರಾಳವಾಗಿ. ಕುದುರೆ ಬೀಳೋಷ್ಟು. ಪಟ್ಟಿ ಬೆಳ್ಳಗೇ ಕೂತಿದೆ, ಮದುಮಗಳ ಥರ. ಇನ್ನೊಂದ್ಕಡೆ ಅಂಗಡಿಯಿಂದ ತಂದ ಮಾನುಕಾ ಜೇನು. ವಿಷದ ಸುಳಿವೂ ಇಲ್ಲ. ಅದಕ್ಕೆ ಹಸಿರು, ಕ್ರಿಸ್‌ಮಸ್ ದೀಪದ ಹಾಗೆ."

"ಇನ್ನೊಂದ್ಸಲ ಮಾಡು."

"ಮಾಡ್ತಾನೇ ಇದೀನಿ. ಅದು ಟ್ಯೂಟಿನ್ ನೋಡ್ತಾನೇ ಇಲ್ಲ ಡಾಕ್ಟರೇ. ಮಾನುಕಾ ಹೂವನ್ನ ನೋಡ್ತಿದೆ." ಆಮೇಲೆ, "ಟೋಸ್ಟ್ ಪೂರ್ತಿ ತಿನ್ನಿ, ಹಾಂ?" ಎಂದಿದ್ದ.

ಅವಳು ಪೂರ್ತಿ ತಿಂದಿದ್ದಳು. ಅದೂ ಈಗ ಚುಚ್ಚುತ್ತಿತ್ತು.

ಬಂದವರ ಸಾಲಿನ ಕುರ್ಚಿಗಳಲ್ಲಿ ಗಂಡಸರು ಮುಂದೆ, ಹೆಂಗಸರು ಹಿಂದೆ. ಎದುರಿಗೆ ಈ ಕರಾವಳಿಯ ಜೇನು ಸಾಕುವವರ ಸಂಘದ ಜನ. ನಡುವೆ ಪರೈರೆ ಹುನಿಯಾ, ಹಳೆಯ ಕೋಟು, ಅದರ ಜೇಬಿನಿಂದ ಇಣುಕುತ್ತಿದ್ದ ಜೇನುಗಾರನ ಕೈಗವಸು. ಅವನು ಇವಳನ್ನು ನೋಡಿ ಹುಬ್ಬು ಕುಣಿಸಿದ. ಈ ಅಂಗಳದ ಕ್ರಮದಲ್ಲಿ ಬಂದವರ ಪರವಾಗಿ ಮಾತಾಡುವವನು ಗಂಡಸು. ಅಂದರೆ ಲೆಸ್ಲಿ. ಅವನು ಎದ್ದು, ಸತ್ತವರಿಗೆ ನಮಸ್ಕಾರ ಹೇಳಿ, ಬೆಟ್ಟಕ್ಕೆ ಹೇಳಿ, ನದಿಗೆ ಹೇಳಿ, ಆಮೇಲೆ ಇಂಗ್ಲಿಷಿಗೆ ಜಾರಿ, "ನಮ್ಮ ಫಿಲಿಪಾ ಮಾಡಿರುವ ಈ ಪಟ್ಟಿ ಇದ್ದರೆ ಇನ್ನು ಈ ಕರಾವಳಿಯ ಒಂದು ಮಗುವೂ ಜೇನು ತಿಂದು ಆಸ್ಪತ್ರೆ ಸೇರಬೇಕಾಗಿಲ್ಲ" ಎಂದಾಗ ಎದುರು ಸಾಲಿನ ಮುದುಕಿಯರು ಒಟ್ಟಿಗೆ ಹೂಂಗುಟ್ಟಿದರು. ಆ ಹೂಂಕಾರ ತನ್ನ ಮೈಮೇಲೆ ಬಿಸಿನೀರಿನ ಹಾಗೆ ಬಿದ್ದದ್ದನ್ನು ಫಿಲಿಪಾ ಸಹಿಸಿಕೊಂಡು ಕೂತಳು. ಎದ್ದು ನಿಂತು ಕೂಗಿದರೆ? ಸಭಾಮನೆಯ ಮರದಲ್ಲಿ ಕೆತ್ತಿದ ಪೂರ್ವಜರ ಕಣ್ಣುಗಳ ಮುಂದೆ, ಕ್ರಮ ಮುರಿದು, ಒಬ್ಬ ಬಿಳಿ ಹೆಂಗಸು, ಜಾರುತ್ತಿರುವ ಲಂಗ ಹಿಡಿದುಕೊಂಡು? ಗೌರವಕ್ಕಾಗಿ ಸುಮ್ಮನಿದ್ದೇನೆ ಎಂದು ತನಗೆ ತಾನೇ ಹೇಳಿಕೊಂಡಳು. ಹೇಡಿತನಕ್ಕೆ ಇಷ್ಟು ಒಳ್ಳೆಯ ಉಡುಪು ಅವಳಿಗೆ ಹಿಂದೆಂದೂ ಸಿಕ್ಕಿರಲಿಲ್ಲ.

ಈ ಕಡೆ ಹಳ್ಳದ ದಂಡೆಗಳಲ್ಲೆಲ್ಲ ತುತು ಎಂಬ ಪೊದೆ ಬೆಳೆಯುತ್ತದೆ. ಮೈಯೆಲ್ಲ ವಿಷ. ಒಂದು ಜಾತಿಯ ಪುಟ್ಟ ಹುಳ ಅದರ ರಸ ಹೀರಿ ಎಲೆಯ ಮೇಲೆ ಸಿಹಿ ಹನಿ ಬಿಡುತ್ತದೆ. ಬೇಸಿಗೆಯ ಕೊನೆಗೆ ಹೂವು ಕಡಿಮೆಯಾದಾಗ ಜೇನ್ನೊಣಗಳು ಆ ಹನಿಯನ್ನೇ ಹೊತ್ತು ಗೂಡಿಗೆ ತರುತ್ತವೆ. ನೊಣಕ್ಕೆ ಏನೂ ಆಗದು. ರುಚಿಯಲ್ಲೂ ವ್ಯತ್ಯಾಸವಿಲ್ಲ. ತಿಂದವನಿಗೆ ತಲೆ ತಿರುಗಿ, ವಾಂತಿಯಾಗಿ, ಕೈಕಾಲು ಸೆಟೆದುಕೊಳ್ಳುತ್ತವೆ. ಆ ವಿಷವೇ ಟ್ಯೂಟಿನ್, ಒಂದು ಸಣ್ಣ ಅಣು. ಅದನ್ನು ಗುರುತು ಹಿಡಿಯುವ ಆರ್‌ಎನ್‌ಎ ಮಾಡುತ್ತೇನೆಂದು ಅವಳು ಹೊರಟದ್ದು. ಆರ್‌ಎನ್‌ಎ ಎಂದರೆ ದಾರ. ಆದರೆ ದಾರದ ಹಾಗೆ ಬಿದ್ದಿರುವುದಿಲ್ಲ, ತನ್ನ ಮೇಲೆ ತಾನೇ ಮಡಚಿಕೊಂಡು ಎಲ್ಲೋ ಒಂದು ಕಡೆ ಬೊಗಸೆಯಂಥ ಜಾಗ ಮಾಡಿಕೊಳ್ಳುತ್ತದೆ. ಆ ಬೊಗಸೆಗೆ ಸರಿಹೊಂದುವ ಅಣು ಬಂದು ಕೂತಿತೋ, ಇಡೀ ದಾರ ಮಗ್ಗುಲು ಬದಲಿಸುತ್ತದೆ. ಮಡಿಕೆಯಲ್ಲಿ ಅಡಗಿದ್ದ ಸಾಲು ಹೊರಬೀಳುತ್ತದೆ. ಅದನ್ನು ಓದಿದ ರೈಬೋಸೋಮ್ ಎಂಬ ಕಣಯಂತ್ರ ಹಸಿರು ಪ್ರೋಟೀನು ಹೆಣೆಯುತ್ತದೆ. ಕಾಗದದ ಪಟ್ಟಿಯ ಚುಕ್ಕೆ ಹಸಿರಾಗುತ್ತದೆ. ದೀಪದ ಗುಂಡಿ ಒತ್ತಿದ ಹಾಗೆ. ಎಳೆಯ ವಯಸ್ಸಿನಲ್ಲಿ ಅವಳು ಕಲಿತದ್ದು ಇನ್ನೊಂದು ದಾರದ ಮೇಲೆ. ಅದು ಚಹಾದಲ್ಲಿ ಚೂರುಪಾರು ಇರುವ ಥಿಯೋಫಿಲಿನ್ನನ್ನು ಬರಸೆಳೆದುಕೊಳ್ಳುತ್ತಿತ್ತು. ಒಂದೇ ಒಂದು ಮೀಥೈಲ್ ಗುಂಪು ಹೆಚ್ಚಾಗಿರುವ ಕೆಫೀನನ್ನು ಹತ್ತಿರಕ್ಕೂ ಸೇರಿಸುತ್ತಿರಲಿಲ್ಲ. ಅಷ್ಟು ಸೂಕ್ಷ್ಮ, ಅಷ್ಟು ಜಂಬ. ಆಗ ಅವಳಿಗೆ ಅದರ ಮೇಲೆ ಹೆಚ್ಚುಕಮ್ಮಿ ಪ್ರೇಮವೇ ಇತ್ತು. ಮನುಷ್ಯರಲ್ಲಿ ಯಾರೂ ಅವಳನ್ನು ಅಷ್ಟು ಖಚಿತವಾಗಿ ಬೇರೆಯವರಿಂದ ಬೇರೆಯೆಂದು ಗುರುತಿಸಿದ್ದಿಲ್ಲ. ಗಂಡನಾಗಿದ್ದವನು ಅವಳ ಹುಟ್ಟುಹಬ್ಬಕ್ಕೆ ಅವಳ ತಂಗಿಗೆ ಇಷ್ಟವಾದ ಬಣ್ಣದ ಶಾಲು ತರುತ್ತಿದ್ದ.

ಲೆಸ್ಲಿ ಇನ್ನೂ ಮಾತಾಡುತ್ತಿದ್ದ. ತಪ್ಪಾದದ್ದು ಎಲ್ಲಿ ಎಂದು ಅವಳಿಗೆ ಆ ಫೋನಿನ ನಡುವೆಯೇ ಗೊತ್ತಾಗಿಹೋಗಿತ್ತು. ಮೊದಲ ಹಂತ ಸರಿಯಾಗಿತ್ತು. ಟ್ಯೂಟಿನ್ನನ್ನು ಮಣಿಗಳಿಗೆ ಅಂಟಿಸಿ, ಕೋಟಿ ಕೋಟಿ ದಾರಗಳನ್ನು ಮೇಲೆ ಸುರಿದು, ತೊಳೆದು, ಬಿಡದೆ ಹಿಡಿದುಕೊಂಡವನ್ನು ಆರಿಸಿದ್ದಳು. ಆದರೆ ಹಿಡಿಯುವುದೇ ಬೇರೆ, ಹಿಡಿದು ಮಗ್ಗುಲಾಗುವುದೇ ಬೇರೆ. ಸ್ವಿಚ್ಚಾಗಲಿ ಎಂದು ಆ ದಾರಗಳನ್ನು ಅಲ್ಲಿಷ್ಟು ಇಲ್ಲಿಷ್ಟು ಬದಲಿಸುತ್ತ ನಿಜವಾದ ಜೇನಿನಲ್ಲೇ ಪರೀಕ್ಷೆಗೆ ಇಳಿಸಿದಳು. ವಿಷದ ಜೇನು ಸಿಕ್ಕಿದ್ದೆಲ್ಲ ಈ ಕರಾವಳಿಯದು, ಮಾನುಕಾ ಬೆರೆತದ್ದು. ಶುದ್ಧವೆಂದು ಎದುರಿಗಿಟ್ಟದ್ದು ಅಂಗಡಿಯ ಕ್ಲೋವರ್. ಇವೆರಡರ ವ್ಯತ್ಯಾಸ ಹೇಳಿ ಎಂದಳು. ದಾರಗಳು ಹೇಳಿದವು. ಪಾಪ, ಅವು ಕೇಳಿದ್ದಕ್ಕೆ ಉತ್ತರ ಕೊಟ್ಟವು; ಕೇಳಿದವಳ ಮನಸ್ಸಿನಲ್ಲಿ ಇದ್ದದ್ದೇನು ಎಂದು ಅವಕ್ಕೆ ಹೇಗೆ ಗೊತ್ತಾಗಬೇಕು. ಪ್ರತಿ ಸುತ್ತಿನಲ್ಲೂ ಇನ್ನಷ್ಟು ಹಸಿರು, ಇನ್ನಷ್ಟು ಹಸಿರು. ಅವಳು ಕುಣಿದಾಡಿದ್ದಳು. ಕಳೆದ ತಿಂಗಳು ಪಟ್ಟಿಗಳನ್ನು ಪರೈರೆಯ ಕೈಗೆ ಕೊಡುವಾಗ "ಇದು ಇನ್ನೂ ಪರೀಕ್ಷೆಗೆ ಅಷ್ಟೇ, ಇದನ್ನ ನಂಬಿ ತಿನ್ಬೇಡಿ" ಎಂದೂ ಹೇಳಿದ್ದಳು. ಆದರೆ ಹೇಳಿದ ರೀತಿ, ಉಡುಗೊರೆ ಕೊಡುವವರು "ಏನೂ ದೊಡ್ಡದಲ್ಲ" ಎನ್ನುತ್ತಾರಲ್ಲ, ಹಾಗೆ. ಅವನು ಮಾತನ್ನು ಬಿಟ್ಟು ಮುಖವನ್ನು ಓದಿಕೊಂಡ. ಹೋದ ವಾರ ಫೋನು: "ಹಳ್ಳದ ಗೂಡಿನ ಕೊನೇ ಜೇನು, ಡಾಕ್ಟರೇ! ಹೋದ ವರ್ಷ ಹೆದರಿ ಹೂತು ಹಾಕಿದ್ದೆ. ಈ ಸಲ ಚುಕ್ಕೆ ಹಸಿರಾಗ್ಲೇ ಇಲ್ಲ! ನೀವು ಬರೋ ದಿನಕ್ಕೇ ಅಂತ ಇಟ್ಟಿದೀನಿ." ಮಾನುಕಾ ಹೂವು ಮುಗಿದ ಮೇಲಿನ ಜೇನು ಅದು. ಅದರಲ್ಲಿ ವಿಷ ಇದ್ದರೂ ಚುಕ್ಕೆ ಹಸಿರಾಗುತ್ತಿರಲಿಲ್ಲ, ಇಲ್ಲದಿದ್ದರೂ ಆಗುತ್ತಿರಲಿಲ್ಲ.

ಲೆಸ್ಲಿಯ ಮಾತು, ಅದರ ಹಿಂದೆ ಹಾಡುವ ಹಾಡು ಎರಡೂ ಮುಗಿದವು. ಸಾಲಾಗಿ ಹೋಗಿ ಮೂಗಿಗೆ ಮೂಗು ಒತ್ತಿ ವಂದಿಸಬೇಕು. ಪರೈರೆಯ ಹಣೆ ಅವಳ ಹಣೆಗೆ ತಾಗಿತು. ಹೊಗೆಯ, ಮೇಣದ ವಾಸನೆ. ಇಬ್ಬರ ಉಸಿರೂ ಒಂದಾಗುವ ಆ ಗಳಿಗೆಯಲ್ಲಿ ಹೇಳಲು ಇನ್ನೇನು ಬೇಕಿತ್ತು, ಅವನ ಕಿವಿ ಅಂಗೈ ದೂರದಲ್ಲಿತ್ತು. "ಪರೈರೆ, ಆ ಜೇನು..." ಎಂದಳು.

"ಗೊತ್ತು ಗೊತ್ತು, ಬಾಯಲ್ಲಿ ನೀರು ಬಂದಿರ್ಬೇಕು," ಎಂದು ಅವನು ಬೆನ್ನು ತಟ್ಟಿ ಮುಂದಿನವರಿಗೆ ಮೂಗು ಕೊಟ್ಟ.

ಸ್ವಾಗತವಾದ ಮೇಲೆ ಮೊದಲು ತಿಂಡಿ, ಆಮೇಲೆ ಕೆಲಸದ ಮಾತು. ಊಟದ ಮನೆಯ ಉದ್ದ ಮೇಜುಗಳ ಮೇಲೆ ಕರಿದ ರೊಟ್ಟಿ ಬಿಸಿ ಬಿಸಿಯಾಗಿ ಬೆಟ್ಟದಂತೆ ಬಿದ್ದಿತ್ತು. ಮುಖ್ಯ ಮೇಜಿನ ನಡುವೆ ಒಂದು ಗಾಜಿನ ಭರಣಿ, ಒಳಗೆ ಮೇಣದ ಎರಿಯೊಂದಿಗೇ ಕತ್ತರಿಸಿ ಇಟ್ಟ ಹೊನ್ನಿನ ಬಣ್ಣದ ಜೇನು, ಪಕ್ಕದಲ್ಲಿ ಅವಳದೇ ಪಟ್ಟಿ, ಬೆಳ್ಳಗೆ. ಜನ ಇನ್ನೂ ಬಾಗಿಲಲ್ಲೇ ನಿಂತು ನಗುತ್ತಿದ್ದರು. ಫಿಲಿಪಾ ಯಾವತ್ತೂ ಮಾಡದ ಕೆಲಸ ಮಾಡಿದಳು: ಭರಣಿಯನ್ನು ಎತ್ತಿ ತನ್ನ ಚೀಲಕ್ಕೆ ಇಳಿಸಿದಳು. ಚೀಲದ ಜಿಪ್ಪು ಅರ್ಧಕ್ಕೆ ಸಿಕ್ಕಿಕೊಂಡಿತು.

"ಅಯ್ಯೋ, ಇಲ್ನೋಡ್ರೇ!" ಅಡುಗೆಮನೆಯ ಕಿಟಕಿಯಿಂದ ಚಹಾದ ಕೆಟಲು ಹಿಡಿದ ಹೆಂಗಸು ಕೂಗಿದಳು. "ಯೂನಿವರ್ಸಿಟಿಯೋರು ಭರಣೀನೇ ಎಬ್ಬಿಸ್ತಿದಾರೆ!"

ಇಡೀ ಮನೆ ನಕ್ಕಿತು. ಲೆಸ್ಲಿಯ ಕತ್ತು ಕೆಂಪಾಯಿತು. ಫಿಲಿಪಾಳ ಬಾಯಿಂದ ಬಂದದ್ದು, "ನನಗೆ... ಮಾದರಿ ಬೇಕಿತ್ತು... ಈಗಲೇ ತಿನ್ನದಿದ್ರೆ ಒಳ್ಳೇದು ಅನ್ಸುತ್ತೆ."

"ಕೇಳಿದ್ರೆ ಕೊಡ್ತಿರ್ಲಿಲ್ವೇನಮ್ಮಾ," ಎಂದ ಪರೈರೆ, ಕಣ್ಣೊರೆಸಿಕೊಳ್ಳುತ್ತ. "ಇಟ್ಕೋ, ಇಟ್ಕೋ. ಗೂಡಿನಿಂದ ಬಂದದ್ದೇ ಎರಡು ಭರಣಿ. ಇನ್ನೊಂದನ್ನ ನಮ್ಮಕ್ಕ ರೀಪೆಕಾ ನಿನ್ನೆ ಓಪೊಟಿಕಿಯ ತನ್ನ ಮನೆಗೆ ಹೊತ್ಕೊಂಡು ಹೋದ್ಲು. ನೀವಿಬ್ರೂ ಒಂದೇ ಜಾತಿ."

ಅವಳ ಕೈ ಜಿಪ್ಪಿನ ಮೇಲೆ ಹಾಗೇ ನಿಂತಿತು. ಒಂದು ಭರಣಿ ಎಂದುಕೊಂಡಿದ್ದಳು. ಕದ್ದರೆ ಮುಗಿಯಿತು, ಹೇಳುವ ಅಗತ್ಯವೇ ಬೀಳದೆ ಪಾರಾಗಬಹುದು ಎಂದು ಒಳಗೊಳಗೇ ಲೆಕ್ಕ ಹಾಕಿದ್ದಳು. ಆ ಲೆಕ್ಕ ಹಾಕಿದ್ದು ಈಗಷ್ಟೇ ಅವಳಿಗೆ ತಿಳಿದದ್ದು.

"ನಾನೀಗ್ಲೇ ಮಾತಾಡ್ಬೇಕು," ಎಂದಳು.

"ರೊಟ್ಟಿ ಆರುತ್ತೆ."

"ಈಗ್ಲೇ."

ಮಾತಾಡಿದಳು. ಕೈಯಲ್ಲಿ ಚಹಾ ಲೋಟ ಹಿಡಿದವರ ಮುಂದೆ, ಒಂದು ಕೈ ಸೊಂಟದ ಮೇಲಿಟ್ಟುಕೊಂಡು. ಪಟ್ಟಿ ತಪ್ಪು, ಅದು ವಿಷವನ್ನು ನೋಡುವುದಿಲ್ಲ, ಮಾನುಕಾ ಹೂವಿನದೇ ಒಂದು ಅಣುವನ್ನು ನೋಡುತ್ತದೆ, ತಪ್ಪು ನನ್ನದು ಎಂದಳು. ಅವಳು ಬೈಗುಳಕ್ಕೆ ಮೈಯೊಡ್ಡಿ ನಿಂತಳು. ಅದು ಬಂದರೆ ಹಗುರಾಗುತ್ತದೆ ಎಂಬಂತೆ ಕಾದಳು.

"ತಡಿ ತಡಿ," ಎಂದ ಮೂಲೆಯ ಗಡ್ಡದವನು. "ಅಂದ್ರೆ ಅಸಲಿ ಮಾನುಕಾ ಇದ್ರೆ ಹಸಿರು, ಕಲಬೆರಕೆ ಆದ್ರೆ ಬಿಳಿ?"

"ಹೌದು, ಆದ್ರೆ..."

"ಕಾಗದದ ಚೂರಲ್ಲಿ? ನಿಂತ ಜಾಗದಲ್ಲಿ?"

"ಹೌದು, ಆದ್ರೆ ನಾನು ಹೇಳ್ತಿರೋದು..."

ಮುಂದಿನದು ಯಾರಿಗೂ ಕೇಳಲಿಲ್ಲ. ಜೇನು ಸಾಕುವವರು ತಮ್ಮ ನೊಣಗಳನ್ನೂ ಮೀರಿಸಿ ಮೊರೆದರು. ಊರೂರಲ್ಲಿ ಅಗ್ಗದ ಕ್ಲೋವರಿಗೆ ದುಬಾರಿ ಮಾನುಕಾದ ಹೆಸರು ಅಂಟಿಸಿ ಮಾರುವವರ ಜನ್ಮ ಜಾಲಾಡಲಾಯಿತು. ಯಾರೋ ಟೇಬಲು ಗುದ್ದಿದರು. ಲೆಸ್ಲಿ ಎದ್ದು ಬಂದು ಅವಳ ಭುಜ ಹಿಡಿದು, "ಪಿಪ್, ಇಂಥ ಸುದ್ದೀನ ಕ್ಷಮಾಪಣೆ ಥರ ಹೇಳೋದು ಜಗತ್ತಿನಲ್ಲಿ ನೀನೊಬ್ಬಳೇ," ಎಂದ. ಚಪ್ಪಾಳೆ ಎದ್ದಿತು. ತಪ್ಪೊಪ್ಪಿಕೊಳ್ಳಲು ಬಂದವಳನ್ನು ಹೆಗಲ ಮೇಲೆ ಹೊತ್ತು ಕುಣಿಸಿದರೆ ಅವಳು ಏನು ಮಾಡಬೇಕು? ಮತ್ತೂ ನಾಚಿಕೆಯದೇನೆಂದರೆ, ಚಪ್ಪಾಳೆ ಕೇಳಿ ಕಿವಿಯ ತುದಿ ಬೆಚ್ಚಗಾದದ್ದು. ಆ ದಾರದ ಹಾಗೇ ತಾನೂ. ಯಾವುದು ಬಂದು ಕೂತರೂ ಮಗ್ಗುಲಾಗುವುದು ತಿಳಿದಿದೆ, ಬಂದದ್ದು ಏನು ಎಂದು ತಿಳಿಯುವುದಿಲ್ಲ.

ಚಪ್ಪಾಳೆ ತಟ್ಟದೇ ಇದ್ದವನು ಪರೈರೆ ಒಬ್ಬ. ಅವನು ಅವಳ ಮುಂದೆ ಬಂದು ನಿಂತ. ನಗು ಎಲ್ಲಿ ಹೋಯಿತೋ.

"ನಮ್ಮಕ್ಕ," ಎಂದ.

"ಹೌದು."

"ಬೆಳಿಗ್ಗೆ ಗೇಟಿನಲ್ಲಿ ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು."

ಅವನು ಬೈಯಲಿಲ್ಲ. ಫೋನು ತೆಗೆದು ಒತ್ತಿ ಕಿವಿಗಿಟ್ಟುಕೊಂಡು ಬಹಳ ಹೊತ್ತು ನಿಂತ. "ಎತ್ತಲ್ಲ ಅವ್ಳು. ಮಾರಾಟದೋರು ಕಾಟ ಕೊಡ್ತಾರೆ ಅಂತ ಡ್ರಾಯರಿಗೆ ಹಾಕ್ತಾಳೆ. ನನ್ನ ಗಾಡಿ ಹಿಂದೆ ಹತ್ತು ಗಾಡಿ ನಿಂತಿವೆ. ನಿಂದು ಗೇಟಲ್ಲೇ ಇದೆ. ಸೇತುವೆ ದಾಟಿ ಎಡಕ್ಕೆ, ನೀಲಿ ತಗಡಿನ ಮನೆ. ಹೊರಡು. ನಾನು ಹಿಂದೇನೇ ಬರ್ತೀನಿ."

ಓಹಿವಾ ಕೊಲ್ಲಿಯ ದಂಡೆಯ ರಸ್ತೆ ಸುತ್ತಿ ಸುತ್ತಿ ಹೋಗುತ್ತದೆ. ನೀರು ಇಳಿದು ಕೆಸರು ಹೊಳೆಯುತ್ತಿತ್ತು. ಒಬ್ಬ ಗಂಬೂಟು ಹಾಕಿಕೊಂಡು ಚಿಪ್ಪು ಹೆಕ್ಕುತ್ತಿದ್ದ, ನಿಧಾನವಾಗಿ, ಜಗತ್ತಿನಲ್ಲಿ ಯಾವ ಅವಸರವೂ ಇಲ್ಲದವನಂತೆ. ಪ್ರತಿ ತಿರುವಿನಲ್ಲೂ ಪಿನ್ನು ತಿವಿಯಿತು. ಅವಳು ಅದನ್ನು ತೆಗೆಯಲಿಲ್ಲ. ಗೊತ್ತಿತ್ತಾ ನಿಂಗೆ. ಹೌದು, ಗೊತ್ತಿತ್ತು. ಕ್ಲೋವರಿಗೆ ವಿಷ ಬೆರೆಸಿ ನೋಡಬೇಕೆಂದು ವಿಲಿಯಾಮಿ ಚಳಿಗಾಲದಲ್ಲೇ ಒಮ್ಮೆ ಹೇಳಿದ್ದನಲ್ಲವೆ? ಹೇಳಿದ್ದ. "ಆಮೇಲೆ ನೋಡೋಣ" ಎಂದವಳು ತಾನೇ. ಅಂದು ಚುಕ್ಕೆಗಳು ಎಷ್ಟು ಚೆಂದ ಹಸಿರಾಗುತ್ತಿದ್ದವು. ಚೆಂದವಾಗಿ ನಡೆಯುತ್ತಿರುವುದಕ್ಕೆ ಅಡ್ಡ ಪ್ರಶ್ನೆ ಕೇಳುವವರನ್ನು ಅವಳಿಗೆ ಚಿಕ್ಕಂದಿನಿಂದಲೂ ಕಂಡರಾಗುತ್ತಿರಲಿಲ್ಲ. ಅಡ್ಡ ಪ್ರಶ್ನೆ ಕೇಳುವುದೇ ಅವಳ ವೃತ್ತಿಯಾದದ್ದು ದೇವರ ತಮಾಷೆ.

ನೀಲಿ ತಗಡಿನ ಮನೆಯ ಬಾಗಿಲು ತೆರೆದೇ ಇತ್ತು. ರಗ್ಬಿ ಜರ್ಸಿ ತೊಟ್ಟ ದೊಡ್ಡ ಮೈಯ ಮುದುಕಿ, ಮಡಿಲಲ್ಲಿ ಬಟಾಣಿ ಬಿಡಿಸುತ್ತ ಕೂತಿದ್ದಳು. ದಿನವಿಡೀ ತಿರುಚಿಕೊಂಡಿದ್ದ ಮಾತು ಇಲ್ಲಿ ಹೊಸ್ತಿಲ ಮೇಲೇ ಸೀದಾ ಬಂತು: "ರೀಪೆಕಾ ಅಂದ್ರೆ ನೀವೇನಾ? ನಾನು ಫಿಲಿಪಾ. ಪರೈರೆ ಕೊಟ್ಟ ಜೇನು ತಿನ್ಬೇಡಿ. ನನ್ನ ಪಟ್ಟಿ ತಪ್ಪು. ಅದರಲ್ಲಿ ತುತು ವಿಷ ಇರ್ಬಹುದು."

"ಹೋ," ಎಂದಳು ರೀಪೆಕಾ. ಬಟಾಣಿ ಬಿಡಿಸುವುದು ನಿಂತಿತು. "ಬೆಳಿಗ್ಗೆ ಒಂದು ಚಮಚ ತಿಂದೆ."

"ಒಂದೇ?"

"ಸರಿ, ಮೂರು. ತಮ್ಮನಿಗೆ ಒಂದು ಅಂತ ಹೇಳು."

ಫಿಲಿಪಾ ವಿಷದ ವಿಚಾರಕ್ಕೆಂದೇ ಇರುವ ದೂರವಾಣಿಗೆ ಕರೆ ಮಾಡಿದಳು. ಆಚೆ ಕಡೆಯ ದನಿ ಎಲ್ಲ ಕೇಳಿಕೊಂಡು, ಆಸ್ಪತ್ರೆಗೆ ಕರೆದುಕೊಂಡು ಹೋದರೆ ಒಳ್ಳೆಯದು, ಇಲ್ಲವೆಂದರೆ ಒಬ್ಬರನ್ನೇ ಬಿಡಬೇಡಿ, ಕೆಲವೊಮ್ಮೆ ಬಹಳ ತಡವಾಗಿ ತೋರುತ್ತದೆ, ತಲೆ ಸುತ್ತಿದರೆ, ವಾಂತಿಯಾದರೆ, ಕೈ ನಡುಗಿದರೆ ಕೂಡಲೇ ಆಂಬುಲೆನ್ಸ್ ಎಂದಿತು.

"ಮೂರು ಚಮಚ ಜೇನಿಗೆ ಆಸ್ಪತ್ರೆ ಬೆಂಚು ಕಾಯೋಕೆ ನಾನಿಲ್ಲ," ಎಂದಳು ರೀಪೆಕಾ. "ಮೂವತ್ತು ವರ್ಷ ಸ್ಕೂಲ್ ಬಸ್ ಓಡಿಸಿದ್ದೀನಿ, ವಾಂತಿ ಅಂದ್ರೆ ನನಗೇನು ಹೊಸದಾ. ನೀನೇ ಕೂತ್ಕೋ. ಕೂತ್ಕೊಂಡು ಬಟಾಣಿ ಬಿಡಿಸು."

ಕೂತಳು. ಬಟಾಣಿ ಬಿಡಿಸಿದಳು. ರೀಪೆಕಾ ಮಾತಾಡಿದಳು: ಬಸ್ಸಿನ ಮಕ್ಕಳು, ಈಗ ಅವರ ಮಕ್ಕಳು, ತಮ್ಮನ ಜಿಪುಣತನ, ಸತ್ತ ಗಂಡನ ಗೊರಕೆ. ಫಿಲಿಪಾ ಮಾತು ಕೇಳಲಿಲ್ಲ. ಮಾತಾಡುವ ಬಾಯಿಯನ್ನು, ಸಿಪ್ಪೆ ಸೀಳುವ ಬೆರಳನ್ನು, ಕಣ್ಣಿನ ಪಾಪೆಯನ್ನು ನೋಡಿದಳು. ಇಷ್ಟು ವರ್ಷ ಮಣಿ, ದಾರ, ಕಾಗದ ಎಂದು ಅಲೆದು ಕೊನೆಗೆ ಉಳಿದ ಪರೀಕ್ಷೆ ಇದೊಂದೇ: ಎದುರಿಗೆ ಕೂತ ಈ ಹೆಂಗಸು. ಗಾಡಿಗಳ ನಡುವೆ ಇನ್ನೂ ಸಿಕ್ಕಿಕೊಂಡಿದ್ದ ಪರೈರೆಯ ಫೋನು ಬಂದಾಗ, ಡ್ರಾಯರಿನಿಂದ ತೆಗೆದು ಮೇಜಿನ ಮೇಲಿಟ್ಟಿದ್ದ ಅದನ್ನು ರೀಪೆಕಾ ಎತ್ತಿ, "ಬದುಕಿದೀನಿ ಕಣೋ. ಬಂದಿದಾಳೆ ನಿನ್ನ ಡಾಕ್ಟರಮ್ಮ. ಮೊಟ್ಟೆ ಇಡೋ ಕೋಳೀನ ನೋಡೋ ಹಾಗೆ ನೋಡ್ತಿದಾಳೆ. ಬರ್ತಾ ಬ್ರೆಡ್ ತಗೊಂಡ್ಬಾ," ಎಂದು ಇಟ್ಟಳು.

ಬಿಸಿಲು ಹಿತ್ತಿಲ ಕಡೆಗೆ ಸರಿಯಿತು. ಬಟಾಣಿ ಮುಗಿಯಿತು. ಇಬ್ಬರ ನಡುವೆ ಸಿಪ್ಪೆಯ ರಾಶಿ ಮಾತ್ರ ಉಳಿದಾಗ ರೀಪೆಕಾ ಕೇಳಿದಳು:

"ಒಂದು ಮಾತು. ಸಂಜೆ ತನಕ ನನಗೇನೂ ಆಗ್ಲಿಲ್ಲ ಅಂದ್ರೆ, ನಿನಗೆ ಬೇಜಾರಾಗುತ್ತಾ?"

ಇಲ್ಲ ಎಂಬ ಮಾತು ತಾನಾಗಿಯೇ ಬಂದುಬಿಡಬೇಕಿತ್ತು. ಅದರ ಬದಲು ಬಂದದ್ದು ಬೇರೆ: ಏನೂ ಆಗದಿದ್ದರೆ ಏನೂ ತಿಳಿಯುವುದಿಲ್ಲ, ಆದರೆ, ಇವಳ ಕೈ ನಡುಗಿದರೆ, ಅದೇ ಗೂಡು, ಅದೇ ಭರಣಿಯ ಜೋಡಿ, ಚುಕ್ಕೆ ಬಿಳಿ, ತಿಂದವಳಲ್ಲಿ ವಿಷ. ಯಾರೂ ಚಪ್ಪಾಳೆ ತಟ್ಟಲಾರದ, ಯಾರೂ ಅಲ್ಲಗಳೆಯಲಾರದ ಸ್ವಚ್ಛ ಉತ್ತರ. ತನ್ನೊಳಗೆ ಯಾವುದೋ ಮಡಿಕೆ ಸದ್ದಿಲ್ಲದೆ ಬಿಚ್ಚಿಕೊಂಡು ಆ ಉತ್ತರದ ಕಡೆಗೆ ವಾಲಿದ್ದು ಫಿಲಿಪಾಳಿಗೆ ಸ್ಪಷ್ಟವಾಗಿ ಗೊತ್ತಾಯಿತು. ಎಷ್ಟು ಸ್ಪಷ್ಟವಾಗಿ ಎಂದರೆ, ಪಕ್ಕೆಯ ಪಿನ್ನಿನ ನೋವು ಒಂದು ಕ್ಷಣ ಇಲ್ಲವಾಗಿತ್ತು.

"ಇಲ್ಲ," ಎಂದಳು.

"ಇಲ್ಲ ಅನ್ನೋಕೆ ತಡ ಆಯ್ತಲ್ಲಮ್ಮಾ," ಎಂದಳು ರೀಪೆಕಾ. ದನಿಯಲ್ಲಿ ಸಿಟ್ಟಿರಲಿಲ್ಲ, ತಡವಾಗಿ ಬಸ್ಸು ಹತ್ತುವ ಮಕ್ಕಳನ್ನು ಕಂಡು ಕಂಡು ಅಭ್ಯಾಸವಾದ ದನಿ. ಮಡಿಲಿನ ಸಿಪ್ಪೆ ಕೊಡವಿ ಎದ್ದು, ಕುರ್ಚಿಯನ್ನು ಕರಕರ ಎಳೆದು ಕಿಟಕಿಯ ಕಡೆ ತಿರುಗಿಸಿಕೊಂಡು ಮತ್ತೆ ಕೂತಳು. ಎರಡೂ ಕೈಗಳನ್ನು ಮೇಜಿನ ಮೇಲೆ ಅಂಗಾತ ಇಟ್ಟಳು.

"ಹಾಂ, ಈಗ ನೋಡು," ಎಂದಳು. "ಇಲ್ಲಿ ಬೆಳಕಿದೆ."